ಇಡದೇ ಹೋದ ಚುಕ್ಕೆ

ಫೆಬ್ರವರಿ 11

ಭೂತಗನ್ನಡಿ ಅಕ್ಕನಿಗೆ,

ಉಭಯಕುಶಲೋಪರಿ ಎಂದು ಶುರುಮಾಡೋಣವೆಂದರೆ ಈ ಸಲ ಕುಶಲ ಒಂದೇ ಕಡೆಯದು, ಅದೂ ನೀನು ಚೆನ್ನಾಗಿದ್ದರೆ.

ನನ್ನ ಕಂಡಕ್ಟರಮ್ಮನಿಗೆ ಎರಡು ತಿಂಗಳಿಂದ ಮೈ ಸರಿಯಿಲ್ಲ. ಮೊದಲು ಬೆನ್ನುನೋವು ಎಂದಳು. ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುವವಳಿಗೆ ಬೆನ್ನು ನೋಯದೆ ಮೂಗು ನೋಯುತ್ತದೆಯೇ ಎಂದು ತಮಾಷೆ ಮಾಡಿದೆ. ಆಮೇಲೆ ಅವಳ ಟಿಕೆಟ್ ಚೀಲದ ಪಟ್ಟಿ ಸಡಿಲವಾಯಿತು, ಸೊಂಟದಿಂದ ಜಾರತೊಡಗಿತು. ನನ್ನ ಟೈಲ್ಸ್ ಕೆಲಸದ ಡಬ್ಬಿಯಿಂದ ಒಂದು ಮೊಳೆ ತೆಗೆದು ಪಟ್ಟಿಗೆ ತೂತು ಹೊಡೆದುಕೊಟ್ಟೆ. ಹದಿನೈದು ದಿನಕ್ಕೆ ಇನ್ನೊಂದು ತೂತು. ಕಳೆದ ವಾರ ಮೂರನೆಯದು. ‘ಹೀಗೇ ಆದ್ರೆ ಪಟ್ಟಿ ಹೋಗಿ ಜರಡಿ ಆಗುತ್ತೆ ಕಣ್ರೀ’ ಎಂದು ಅವಳೇ ನಕ್ಕಳು. ನನಗೆ ಮಾತ್ರ ಈ ಸಲ ನಗು ಬರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಸದಾಗಿ ಸಕ್ಕರೆ ಕಾಯಿಲೆ ಬಂದಿದೆ ಎಂದರು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ಒಂದು ಕಡೆ ಗಂಟಿನಂತೆ ಊದಿಕೊಂಡಿದೆಯಂತೆ. ಬರೀ ಊತವೋ, ಬೇರೇನಾದರೂ ಇದೆಯೋ ಎಂದು ನೋಡಲು ಸೂಜಿ ಹಾಕಿ ಒಂದಿಷ್ಟು ಕೋಶಗಳನ್ನು ತೆಗೆದು ಎರಡು ಸ್ಲೈಡ್ ಮಾಡಿದ್ದಾರೆ. ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದರೆ ನಿನ್ನ ಲ್ಯಾಬಿನ ಹೆಸರನ್ನೇ ಹೇಳಿದರು. ಹುಡುಕುವ ಬಳ್ಳಿ ಕಾಲಿಗೇ ತೊಡರಿತು ಎಂದುಕೊಂಡೆ.

ಸ್ಲೈಡಿನ ಮೇಲೆ ಹೆಸರಿರುವುದಿಲ್ಲವಂತೆ, ನಂಬರಷ್ಟೇ. ಬರೆದುಕೊಂಡು ಬಂದಿದ್ದೇನೆ: 4417, ಒಂದು ಮತ್ತು ಎರಡು. ವರದಿಗೆ ಹದಿನೈದು ದಿನ ಕಾಯಬೇಕಂತೆ. ನೀನೇ ನೋಡಿ ಒಂದು ಸಾಲು ಬರೆದುಬಿಡು. ಸಂಬಂಧಿಕರದ್ದನ್ನು ನೋಡಬಾರದು, ಪಕ್ಕದ ಮೇಜಿಗೆ ಕೊಡಬೇಕು ಎನ್ನುವ ಕಟ್ಟುಪಾಡು ನಿಮ್ಮಲ್ಲಿದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಆದರೂ ನನಗೆ ನಿನ್ನ ಕಣ್ಣೇ ಬೇಕು. ನನ್ನ ಕಾಪಿ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದ್ದರೂ ಹಿಡಿಯುತ್ತಿದ್ದ ಕಣ್ಣು ಅದು.

ಫೋನ್ ಮಾಡಬೇಡ. ಕಟಿಂಗ್ ಮಷಿನ್ನಿನ ಸದ್ದಿಗೆ ಹೋದ ನನ್ನ ಕಿವಿ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೆಸೇಜೂ ಬೇಡ, ಸಿಮೆಂಟು ತಿಂದುಹಾಕಿದ ನನ್ನ ಬೆರಳನ್ನು ಆ ಪರದೆ ಮನುಷ್ಯನ ಬೆರಳೆಂದೇ ಒಪ್ಪುವುದಿಲ್ಲ. ನಮಗೆ ಕಾಗದವೇ ಸರಿ.

ಕಿವುಡ ತಮ್ಮ


ಫೆಬ್ರವರಿ 20

ಕಿವುಡರಾಯನಿಗೆ,

4417 ನನ್ನ ಮೇಜಿಗೇ ಬಂತು. ನೋಡಿದೆ. ಪರವಾಗಿಲ್ಲ.

ಊಟದ ಹೊತ್ತಿಗೆ ಮೊದಲೇ ಅಂಚೆಯವನು ಡಬ್ಬಿ ಖಾಲಿ ಮಾಡಿಕೊಂಡು ಹೋಗುತ್ತಾನೆ, ಅದಕ್ಕೇ ಇಷ್ಟು ಚುಟುಕು. ಕಂಡಕ್ಟರಮ್ಮನಿಗೆ ಹೇಳು, ಚೀಲದ ಪಟ್ಟಿಗೆ ತೂತು ಹೊಡೆಯುವ ಗಂಡ ಸಿಗುವುದು ಪುಣ್ಯ. ತಲೆಗೆ ತೂತು ಹೊಡೆಯುವವರೇ ಹೆಚ್ಚು. ನಮ್ಮ ಕಿಟಕಿಯ ಹೊರಗೆ ರಸ್ತೆ ಅಗೆಯುತ್ತಿದ್ದಾರೆ. ಮೇಜು ಅದುರಿ ಮೈಕ್ರೋಸ್ಕೋಪಿನ ಕೆಳಗೆ ಕೋಶಗಳೆಲ್ಲ ಕುಣಿಯುತ್ತವೆ. ಸಕ್ಕರೆ ಮಾತ್ರೆ ತಪ್ಪಿಸಬಾರದು.

ಅಕ್ಕ


ಫೆಬ್ರವರಿ 27

ಅಕ್ಕಾ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಒಡೆದು ಓದಿದೆ. ಎದೆಯ ಮೇಲಿಂದ ಚಪ್ಪಡಿ ಇಳಿಸಿದಂತಾಯಿತು.

ಅವಳಿಗೆ ಮಾತ್ರ ನಿನ್ನ ಪದ ಸಪ್ಪೆ ಅನ್ನಿಸಿತು. ‘ಪರವಾಗಿಲ್ಲ ಅಂತೆ. ಚೆನ್ನಾಗಿದೆ ಅಂತ ಬರೆಯೋಕೆ ನಿಮ್ಮಕ್ಕನ ಪೆನ್ನಲ್ಲಿ ಇಂಕಿರಲಿಲ್ವಾ?’ ಎಂದಳು. ‘ನಿನಗೆ ನಮ್ಮಕ್ಕ ಗೊತ್ತಿಲ್ಲ’ ಎಂದೆ. ‘ನಾನು ಹತ್ತನೇ ಕ್ಲಾಸಲ್ಲಿ ಶಾಲೆಗೇ ಮೊದಲು ಬಂದಾಗ್ಲೂ ಪರವಾಗಿಲ್ಲ ಅಂದೋಳು ಅವಳು. ಅವಳ ಬಾಯಲ್ಲಿ ಪರವಾಗಿಲ್ಲ ಬಂತು ಅಂದ್ರೆ ಮಿಕ್ಕವರ ಬಾಯಲ್ಲಿ ಶಭಾಷ್ ಅಂತ ಲೆಕ್ಕ.’ ಅದನ್ನು ಕೇಳಿದ ಮೇಲೆ ಅವಳು ಆ ಸಾಲನ್ನು ಕತ್ತರಿಸಿ ಟಿಕೆಟ್ ಚೀಲದ ಒಳಗಡೆ ಅಂಟಿಸಿಕೊಂಡಿದ್ದಾಳೆ. ನಿನ್ನೆಯಿಂದ ಡ್ಯೂಟಿಗೂ ಹೋಗುತ್ತಿದ್ದಾಳೆ.

ಆಸ್ಪತ್ರೆಗೂ ವರದಿ ಬಂದಿದೆ. ಊತದಿಂದಾದ ಬದಲಾವಣೆಗಳು ಎಂದಿದೆ. ಅಲ್ಲಿನ ಡಾಕ್ಟರು, ‘ಆರು ವಾರ ಬಿಟ್ಟು ಬನ್ನಿ, ಇನ್ನೊಂದು ಸಲ ಸೂಜಿ ಹಾಕಿ ನೋಡಿಬಿಡೋಣ’ ಎಂದರು. ಅವರದ್ದು ಅವರ ಅಭ್ಯಾಸ. ಆರು ವಾರ ಎಂದರೆ ಏಪ್ರಿಲ್. ನನಗೆ ಒಂದು ಶಾಲೆಯ ಸಭಾಂಗಣದ ನೆಲ ಸಿಕ್ಕಿದೆ, ಬೇಸಿಗೆ ರಜೆ ಮುಗಿಯುವುದರೊಳಗೆ ಮುಗಿಸಿಕೊಡಬೇಕು. ನೀನು ನೋಡಿ ಆಗಿದೆಯಲ್ಲ, ಮತ್ತೆ ಯಾಕೆ ಚುಚ್ಚಿಸಿಕೊಳ್ಳಬೇಕು ಎಂದು ಅವಳೂ ಹೇಳುತ್ತಾಳೆ.

ನಿನ್ನ ತಮ್ಮ


ಮಾರ್ಚ್ 6

ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಡ್ಯೂಟಿಗೆ ಹೋಗುತ್ತಿದ್ದಾಳೆ ಎಂದು ಓದಿ ಸಂತೋಷವಾಯಿತು.

ಇಲ್ಲಿ ರಸ್ತೆ ಇನ್ನೂ ಮುಚ್ಚಿಲ್ಲ. ಹಲಗೆ ದಾಟಿಕೊಂಡು ಕೆಲಸಕ್ಕೆ ಬರುತ್ತೇವೆ. ನಮ್ಮ ದೊಡ್ಡ ಡಾಕ್ಟರು ಮೊನ್ನೆ ಆ ಹಲಗೆಯ ಮೇಲೆ ನಿಂತು ಅತ್ತಲೂ ಹೋಗದೆ ಇತ್ತಲೂ ಬಾರದೆ ‘ಯಾರಾದ್ರೂ ಕೈ ಕೊಡ್ರಪ್ಪಾ’ ಎಂದು ಕೂಗಿದರು. ನನಗೆ ಕನ್ನಡಕದ ನಂಬರು ಬದಲಾಗಿದೆ. ಹೊಸದು ಹಾಕಿಕೊಂಡರೆ ಮೆಟ್ಟಿಲುಗಳೆಲ್ಲ ಒಂದಿಂಚು ಹತ್ತಿರ ಬಂದಂತೆ ಕಾಣುತ್ತವೆ.

ಅಂದಹಾಗೆ, ಆರು ವಾರಕ್ಕೆ ಬರಹೇಳಿದ್ದರೆ ಹೋಗಿಬಿಡಿ. ಸುಮ್ಮನೆ, ಡಾಕ್ಟರ ಮಾತಿಗೆ ಬೆಲೆ ಕೊಟ್ಟಂತಾಗುತ್ತದೆ. ಮತ್ತೆ ನನ್ನ ಸಾಲು ಚೀಲದಲ್ಲಿ ಅಂಟಿಸಿಕೊಳ್ಳುವಂಥದ್ದೇನಲ್ಲ, ಕಿತ್ತುಹಾಕಲು ಹೇಳು.

ಅಕ್ಕ


ಏಪ್ರಿಲ್ 22

ಅಕ್ಕಾ,

ಸಭಾಂಗಣದ ಅರ್ಧ ನೆಲ ಮುಗಿಯಿತು. ಬಾಗಿಲಿನಿಂದ ಶುರುಮಾಡಿದ ಮೊದಲನೆಯ ಸಾಲು ದಾರ ಹಿಡಿದಂತೆ ನೆಟ್ಟಗೆ ಕೂತಿದೆ. ಮೊದಲನೆಯದು ಕೂತರೆ ಮಿಕ್ಕಿದ್ದಕ್ಕೆ ತಲೆನೋವಿಲ್ಲ. ಟೈಲಿನ ಮೇಲೆ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಲು ನನಗೆ ಆಗುವುದಿಲ್ಲವಲ್ಲ, ಅಂಗೈ ಊರಿ ತಟ್ಟುತ್ತೇನೆ. ಅಂಗೈಗೆ ಗೊತ್ತಾಗುತ್ತದೆ.

ಅವಳಿಗೆ ಮತ್ತೆ ಸುಸ್ತು. ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಾಗ ಸೀಟಿನಲ್ಲೇ ನಿದ್ದೆ ಹೋಗುತ್ತಾಳಂತೆ, ಡ್ರೈವರ್ ಎಬ್ಬಿಸುತ್ತಾನಂತೆ. ನೀನು ಹೋಗು ಎಂದು ಬರೆದದ್ದು ಮರೆತಿಲ್ಲ. ನೆಲ ಒಂದು ಮುಗಿಯಲಿ. ಹೇಗೂ ನಿನ್ನ ಸಾಲು ಇನ್ನೂ ಚೀಲದಲ್ಲೇ ಇದೆ, ಅವಳು ಕೀಳಲು ಬಿಡಲಿಲ್ಲ.

ತಮ್ಮ


ಜೂನ್ 24

ಅಕ್ಕಾ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಏಪ್ರಿಲ್ ಕಾಗದಕ್ಕೆ ನಿನ್ನಿಂದ ಉತ್ತರ ಬರಲಿಲ್ಲ, ಕೆಲಸ ಜಾಸ್ತಿ ಇರಬೇಕು ಎಂದು ನಾನೂ ಸುಮ್ಮನಾದೆ.

ಹದಿನೈದು ದಿನದ ಕೆಳಗೆ ಅವಳ ಕಣ್ಣು ಹಳದಿಯಾಯಿತು. ಮೊದಲು ನೋಡಿದ್ದು ನಾನಲ್ಲ. ಬಸ್ಸಿನಲ್ಲಿ ಯಾವುದೋ ಮುದುಕಿ ಟಿಕೆಟ್ ತೆಗೆದುಕೊಳ್ಳುತ್ತಾ, ‘ಅಮ್ಮಾ, ನಿನ್ನ ಕಣ್ಣು ಯಾಕೆ ಹೀಗಾಗಿದೆ, ತೋರಿಸ್ಕೋ’ ಎಂದಳಂತೆ. ದಿನಾ ಅದೇ ಕಣ್ಣಿನ ಎದುರು ಕೂತು ಉಣ್ಣುವ ನನಗೆ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು, ಮತ್ತೆ ಸೂಜಿ ಹಾಕಿದರು. ಕ್ಯಾನ್ಸರ್. ಗ್ರಂಥಿಯಿಂದ ಹೊರಟು ಯಕೃತ್ತಿಗೆ ಹೋಗಿದೆ. ಕೊಯ್ದು ತೆಗೆಯುವ ಕಾಲ ದಾಟಿತು ಎಂದರು. ಕಣ್ಣಿನ ಹಳದಿ ಇಳಿಯಲಿ ಎಂದು ಒಳಗೆ ಒಂದು ಸಣ್ಣ ನಳಿಕೆ ಇಟ್ಟು ಮನೆಗೆ ಕಳಿಸಿದ್ದಾರೆ. ಡಾಕ್ಟರು ಹಳೆಯ ಕಾಗದ ನೋಡಿ, ‘ಏಪ್ರಿಲ್‌ನಲ್ಲಿ ಬನ್ನಿ ಅಂದಿದ್ದೆನಲ್ಲಾ?’ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ನೀನು ಹೇಳಿದ್ದೆ, ಹೋಗಿಬಿಡಿ ಅಂತ. ನಾನು ಹೋಗಲಿಲ್ಲ. ಮಕ್ಕಳು ಕುಣಿಯುವ ನೆಲಕ್ಕೆ ಮಟ್ಟ ಹಿಡಿಯುತ್ತಾ ಕೂತಿದ್ದೆ. ಚೀಲದ ಪಟ್ಟಿಗೆ ಈಗ ಐದು ತೂತು. ಐದನ್ನೂ ನನ್ನ ಕೈಯಲ್ಲೇ ಹೊಡೆದೆ, ಪ್ರತಿ ಸಲವೂ ಸೊಂಟದ ಅಳತೆ ನೋಡಿಯೇ ಹೊಡೆದೆ.

ಒಂದು ಮಾತು ಹೇಳು. ನೆಲ ಉಬ್ಬಿದರೆ ನಾನು ಯಾವ ಟೈಲಿನಿಂದ ಕೆಟ್ಟಿತು ಎಂದು ಹುಡುಕಿ ಹೇಳಬಲ್ಲೆ. ಇದು ಯಾವಾಗ ಶುರುವಾಗಿದ್ದು? ಎಲ್ಲಿಂದ?

ತಮ್ಮ


ಜುಲೈ 1

ನನ್ನ ತಮ್ಮನಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಅವಳಿಗೆ ಹೀಗಾಗಬಾರದಿತ್ತು.

ನೀನು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಆ ಗ್ರಂಥಿಯೊಳಗೆ ಸಣ್ಣ ಸಣ್ಣ ನಾಳಗಳಿವೆ. ನಾಳದ ಒಳಗೋಡೆಗೆ ಒಂದೇ ಸಾಲು ಕೋಶಗಳು, ನೀನು ಕೂರಿಸಿದ ಟೈಲ್ಸಿನ ಹಾಗೆ, ಒಂದರ ಅಂಚಿಗೆ ಇನ್ನೊಂದು. ಮೇಲಿನಿಂದ ನೋಡಿದರೆ ಜೇನುಗೂಡಿನಂತಿರುತ್ತದೆ. ನಮ್ಮಲ್ಲಿ ಹಾಗೆಯೇ ಕರೆಯುತ್ತೇವೆ. ಪ್ರತಿ ಕೋಶದೊಳಗೆ ಒಂದು ದುಂಡನೆಯ ಬೀಜ, ಅದಕ್ಕೆ ಕೋಶಕೇಂದ್ರ ಎನ್ನುತ್ತಾರೆ. ಕೋಶ ಏನು ಮಾಡಬೇಕು, ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎನ್ನುವುದೆಲ್ಲ ಆ ಬೀಜದೊಳಗಿನ ಎಳೆಗಳಲ್ಲಿ ಬರೆದಿರುತ್ತದೆ.

ಮೊದಲು ಆ ಬರಹದಲ್ಲಿ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಕೋಶ ಸಾಯುವುದಿಲ್ಲ, ಉದ್ದವಾಗುತ್ತದೆ. ಬುಡದಲ್ಲಿ ಇರಬೇಕಾದ ಬೀಜ ಮೇಲಕ್ಕೆ ಸರಿಯುತ್ತದೆ. ಪಕ್ಕದವು ಒತ್ತಿಕೊಂಡು ಒಂದರ ಮೇಲೊಂದು ಹತ್ತುತ್ತವೆ, ಜೇನುಗೂಡು ಸೊಟ್ಟಗಾಗುತ್ತದೆ. ಒಂದು ಕೋಶ ಎರಡಾಗುವಾಗ ಎಳೆಗಳನ್ನು ಎರಡು ತುದಿಗಳಿಂದ ಎಳೆದು ಸಮಪಾಲು ಮಾಡಬೇಕು. ಕೆಟ್ಟ ಕೋಶದಲ್ಲಿ ಎಳೆಯುವ ತುದಿಗಳು ಮೂರಾಗುತ್ತವೆ, ನಾಲ್ಕಾಗುತ್ತವೆ. ಆಗ ಒಂದು ಪಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಬೀಜಗಳು ಒಂದು ದೊಡ್ಡದು, ಒಂದು ಚಿಕ್ಕದು. ದುಂಡಗಿದ್ದ ಅಂಚು ಅಲ್ಲಲ್ಲಿ ಒಳಕ್ಕೆ ಮುರಿದುಕೊಳ್ಳುತ್ತದೆ. ತಪ್ಪಿನ ಮೇಲೆ ತಪ್ಪು ಸೇರುತ್ತಾ, ಕೊನೆಗೊಂದು ದಿನ ಆ ಸಾಲು ತನ್ನ ಗೋಡೆಯನ್ನೇ ಒಡೆದುಕೊಂಡು ಹೊರಗೆ ಹೋಗುತ್ತದೆ.

ಇದೆಲ್ಲ ಒಂದೆರಡು ತಿಂಗಳ ಕೆಲಸವಲ್ಲ. ಮೊದಲನೆಯ ತಪ್ಪಿಗೂ ಇವತ್ತಿಗೂ ಹತ್ತು, ಹದಿನೈದು ವರ್ಷ ಇರಬಹುದು. ನಿಮ್ಮ ಮದುವೆಯ ಹೊತ್ತಿಗೇ ಯಾವುದೋ ಒಂದು ಕೋಶ ದಾರಿ ತಪ್ಪಿತ್ತೇನೋ. ಆದ್ದರಿಂದ ನಿನ್ನ ಆರು ವಾರವನ್ನು ತಲೆಗೆ ಹಚ್ಚಿಕೊಳ್ಳಬೇಡ. ಅವಳ ಜೊತೆ ಇರು.

ಅಕ್ಕ


ಜುಲೈ 12

ಅಕ್ಕಾ,

ನಿನ್ನ ಕಾಗದ ಪಾಠದಂತಿತ್ತು, ಪೂರ್ತಿ ಅರ್ಥವಾಯಿತು. ಅರ್ಥವಾದದ್ದರಿಂದಲೇ ಬರೆಯುತ್ತಿದ್ದೇನೆ.

ಹದಿನೈದು ವರ್ಷ ಎಂದೆ. ಒಪ್ಪಿದೆ. ಆದರೆ ಫೆಬ್ರವರಿಯಲ್ಲಿ ನೀನೇ ನೋಡಿದಾಗ ಜೇನುಗೂಡು ನೆಟ್ಟಗಿತ್ತು. ಎಂದರೆ ಗೋಡೆ ಒಡೆದದ್ದು ಆಮೇಲೆ. ಫೆಬ್ರವರಿಯಿಂದ ಏಪ್ರಿಲ್, ಏಪ್ರಿಲ್‌ನಿಂದ ಜೂನ್. ಆ ಏಪ್ರಿಲ್‌ನಲ್ಲಿ ಇನ್ನೊಂದು ಸೂಜಿ ಹಾಕಿಸಿದ್ದರೆ ಸಿಕ್ಕುತ್ತಿತ್ತು. ನಿನ್ನ ಹದಿನೈದು ವರ್ಷ ದೇವರದ್ದು ಎಂದು ಬಿಡೋಣ, ಅದರ ಕೊನೆಯ ತುಂಡು ನನ್ನದು. ನಾನು ಎಷ್ಟು ತಿರುಗಿಸಿ ಹಾಕಿದರೂ ಇದೇ ಉತ್ತರ ಬರುತ್ತದೆ.

ಫೆಬ್ರವರಿಯಲ್ಲಿ ಇರಲಿಲ್ಲ, ಅಲ್ಲವೇ ಅಕ್ಕ? ಅದೊಂದನ್ನು ಬರೆ. ಬೇರೆ ಸಮಾಧಾನ ಬೇಡ.

ಪಕ್ಕದ ಮನೆಯ ದೊಡ್ಡಮ್ಮ ಬಂದು ಅವಳಿಗೆ ಗಂಜಿ ಕುಡಿಸಿ ಹೋಗುತ್ತಾರೆ. ಮನೆ ಅಚ್ಚುಕಟ್ಟಾಗಿದೆ. ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕಲು ದೊಡ್ಡಮ್ಮನ ಕೈಯಲ್ಲೇ ಕೊಡುತ್ತೇನೆ.

ತಮ್ಮ

(ಅದೇ ಲಕೋಟೆಯೊಳಗೆ, ಟಿಕೆಟ್ ರೋಲಿನ ಹಿಂಬದಿಯಲ್ಲಿ, ಬೇರೆ ಕೈಬರಹ)

ಅತ್ತಿಗೆ, ಇವರ ಕಾಗದದ ಜೊತೆ ಇದನ್ನು ತೂರಿಸಲು ದೊಡ್ಡಮ್ಮನಿಗೆ ಹೇಳಿದ್ದೇನೆ, ಇವರಿಗೆ ಗೊತ್ತಿಲ್ಲ. ಇವರು ನನ್ನ ಕೋಣೆಗೆ ಬರುವುದಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಇಣುಕುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಸಂಜೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾರೆ. ನನ್ನ ಕಣ್ಣು ನೋಡಲು ಆಗುವುದಿಲ್ಲವಂತೆ. ನಾನು ಕರೆಯುತ್ತೇನೆ, ಬಸ್ಸಿನಲ್ಲಿ ಅರವತ್ತು ಜನಕ್ಕೆ ಕೇಳಿಸುತ್ತಿದ್ದ ಗಂಟಲು ಈಗ ಹೊಸ್ತಿಲನ್ನೂ ದಾಟುವುದಿಲ್ಲ, ಇವರ ಕಿವಿ ನಿಮಗೆ ಗೊತ್ತೇ ಇದೆ. ನಾನು ಸಾಯುವುದು ಸರಿ, ಅದಕ್ಕೆ ಯಾರೇನು ಮಾಡಲಾಗುತ್ತದೆ. ಆದರೆ ಒಬ್ಬಳೇ ಇರುವುದು ಬೇಜಾರು. ನೀವು ಹೇಳಿದರೆ ಇವರು ಕೇಳುತ್ತಾರೆ. ಏನಾದರೂ ಬರೆಯಿರಿ.


ಜುಲೈ 17

ತಮ್ಮಾ,

ಈ ಕಾಗದವನ್ನು ಕೂತು ಓದು.

ಫೆಬ್ರವರಿಯಲ್ಲಿ ಇತ್ತು.

ಫೆಬ್ರವರಿ ಇಪ್ಪತ್ತರ ಬೆಳಿಗ್ಗೆ ನಿನಗೆ ಕಾಗದ ಬರೆದಾಗ ನಾನು ನೋಡಿದ್ದು ಒಂದನೆಯ ಸ್ಲೈಡ್ ಮಾತ್ರ. ಅದು ಚೆನ್ನಾಗಿತ್ತು. ಅಂಚೆಯವನು ಬರುವ ಹೊತ್ತಾಗಿತ್ತು, ನೀವು ಕಾಯುತ್ತಿರುತ್ತೀರಿ ಎನ್ನಿಸಿತು, ಎರಡನೆಯದೂ ಹೀಗೇ ಇರುತ್ತದೆ ಎಂದುಕೊಂಡೆ. ‘ನೋಡಿದೆ’ ಎಂದು ಬರೆದೆ. ಅರ್ಧ ನೋಡಿದೆ ಎಂದು ಬರೆಯಲಿಲ್ಲ. ಲಕೋಟೆಯನ್ನು ಡಬ್ಬಿಗೆ ಹಾಕಿ, ಊಟ ಮಾಡಿ, ಎರಡನೆಯ ಸ್ಲೈಡನ್ನು ಇಟ್ಟೆ.

ಒಂದು ಮೂಲೆಯಲ್ಲಿ, ರಕ್ತದ ಕಣಗಳ ನಡುವೆ, ಇಪ್ಪತ್ತು ಕೋಶಗಳ ಒಂದು ತುಣುಕು ಇತ್ತು. ಜೇನುಗೂಡು ಸೊಟ್ಟಗಿತ್ತು. ಒಂದು ಬೀಜ ಪಕ್ಕದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಇನ್ನೊಂದರ ಅಂಚು ಒಳಕ್ಕೆ ಮುರಿದಿತ್ತು. ಹೊರಗೆ ರಸ್ತೆ ಅಗೆಯುವ ಮಷಿನ್ನು ನಿಂತಿತ್ತು, ಮೇಜು ಅಲುಗಾಡುತ್ತಿರಲಿಲ್ಲ. ಸ್ಪಷ್ಟವಾಗಿ ನೋಡಿದೆ.

ನನ್ನ ಕೆಲಸವೆಂದರೆ ಅಂಥದ್ದು ಕಂಡಾಗ ಸ್ಲೈಡಿನ ಮೇಲೆ, ಆ ತುಣುಕಿನ ಪಕ್ಕದಲ್ಲಿ, ಮಸಿಯಿಂದ ಒಂದು ಚುಕ್ಕೆ ಇಡುವುದು. ಚುಕ್ಕೆ ಇರುವ ಜಾಗವನ್ನು ದೊಡ್ಡ ಡಾಕ್ಟರು ಕೂತು ನೋಡುತ್ತಾರೆ. ಚುಕ್ಕೆಯಿಲ್ಲದ ಸ್ಲೈಡನ್ನು ನನ್ನ ಮೇಲಿನ ನಂಬಿಕೆಯಿಂದ ಮೇಲುಮೇಲೆ ನೋಡಿ ಸಹಿ ಹಾಕುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಚುಕ್ಕೆ ಇಟ್ಟಿದ್ದೇನೋ. ಅವತ್ತೂ ಪೆನ್ನಿನ ಮುಚ್ಚಳ ತೆಗೆದಿದ್ದೆ.

ಬೇರೆ ಯಾರ ನಂಬರಾಗಿದ್ದರೂ ಚುಕ್ಕೆ ಇಡುತ್ತಿದ್ದೆ. ಆದರೆ ನನ್ನ ಕಾಗದ ಆಗಲೇ ಹೊರಟಿತ್ತು. ನೀನು ಅದನ್ನು ಒಡೆಯುವುದು, ಅವಳ ಮುಖ ಅರಳುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟಿತ್ತು. ಊತ ಇದ್ದಾಗಲೂ ಕೋಶಗಳು ಸ್ವಲ್ಪ ಸೊಟ್ಟಗಾಗುತ್ತವೆ, ಅದು ಸುಳ್ಳಲ್ಲ. ಆ ಒಂದು ನಿಜವನ್ನು ಹಿಡಿದುಕೊಂಡು ಮುಚ್ಚಳ ಹಾಕಿದೆ. ಸ್ಲೈಡ್ ಓದಿ ಕಾಗದ ಬರೆಯಬೇಕಾದವಳು ಕಾಗದಕ್ಕೆ ಒಪ್ಪುವಂತೆ ಸ್ಲೈಡ್ ಓದಿದೆ. ಪಕ್ಕದ ಮೇಜಿಗೆ ಕೊಟ್ಟಿದ್ದರೆ ಅಲ್ಲಿನ ಹೊಸ ಹುಡುಗಿ ಕೂಡ ಚುಕ್ಕೆ ಇಡುತ್ತಿದ್ದಳು.

ಮಾರ್ಚಿನಲ್ಲಿ ಹೋಗಿಬಿಡಿ ಎಂದು ಬರೆದದ್ದು ಡಾಕ್ಟರ ಮಾತಿಗೆ ಬೆಲೆ ಕೊಡಲಲ್ಲ, ನನ್ನ ತಪ್ಪನ್ನು ಅವರ ಸೂಜಿ ಸದ್ದಿಲ್ಲದೆ ತಿದ್ದಲಿ ಎಂದು. ಯಾಕೆ ಹೋಗಬೇಕು ಎಂದು ಬರೆದಿದ್ದರೆ ನೀನು ಮಾರನೆಯ ದಿನವೇ ಹೋಗುತ್ತಿದ್ದೆ. ಬರೆಯಲಿಲ್ಲ. ನಿನ್ನ ಏಪ್ರಿಲ್ ಕಾಗದ ಓದಿ ಮಡಚಿಟ್ಟೆ, ಅದಕ್ಕೂ ಉತ್ತರ ಬರೆಯಲಿಲ್ಲ. ಈ ತಿಂಗಳ ಮೊದಲಲ್ಲಿ ಉದ್ದಕ್ಕೆ ಪಾಠ ಬರೆದೆ. ಅದರಲ್ಲಿ ಬರೆದದ್ದೆಲ್ಲ ನಿಜವೇ. ಆದರೆ ಹದಿನೈದು ವರ್ಷವನ್ನು ಮುಂದೆ ಹಿಡಿದು ಅದರ ಹಿಂದೆ ನಾಲ್ಕು ತಿಂಗಳನ್ನು ಬಚ್ಚಿಟ್ಟೆ. ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದರೆ ಓದುತ್ತಾ ಕೂತೆ, ನನ್ನ ಹೆಸರು ಬರಲಿಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಿನ್ನೆ ಕಪಾಟಿನಿಂದ 4417ರ ಎರಡನೆಯ ಸ್ಲೈಡನ್ನು ತೆಗೆಸಿ ಮತ್ತೆ ನೋಡಿದೆ. ತುಣುಕು ಅಲ್ಲೇ ಇತ್ತು. ಚುಕ್ಕೆ ಇಟ್ಟೆ. ತೆಗೆದುಕೊಂಡು ಹೋಗಿ ದೊಡ್ಡ ಡಾಕ್ಟರ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನೋಡಿ, ‘ಇದನ್ನ ನಾನೂ ನೋಡಬೇಕಿತ್ತು’ ಎಂದರು. ಆಮೇಲೆ ವಿಚಾರಣೆ ಮುಗಿಯುವವರೆಗೆ ಮೈಕ್ರೋಸ್ಕೋಪ್ ಮುಟ್ಟಬೇಡಿ ಎಂದರು. ಅದು ನ್ಯಾಯವೇ.

ಫೆಬ್ರವರಿಯಲ್ಲಿ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ? ಕೊಯ್ದು ತೆಗೆಯಬಹುದಿತ್ತೇನೋ. ತೆಗೆದರೂ ಈ ಕಾಯಿಲೆ ಬಹಳ ಜನರನ್ನು ಬಿಡುವುದಿಲ್ಲ. ಗೊತ್ತಿಲ್ಲ. ಆ ‘ಗೊತ್ತಿಲ್ಲ’ದ ಹಿಂದೆ ಅಡಗಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಅವಳಿಗೆ ಸಿಗಬೇಕಿದ್ದ ಒಂದು ಅವಕಾಶ ನನ್ನ ಕೈಯಲ್ಲಿತ್ತು.

ನೀನು ಆಸ್ಪತ್ರೆಗೆ ಹೋಗದೆ ಇದ್ದದ್ದು ಸೋಮಾರಿತನದಿಂದಲ್ಲ, ನನ್ನನ್ನು ನಂಬಿ. ಆರು ವಾರ ನಿನ್ನದಲ್ಲ, ನನ್ನದು. ಅದನ್ನು ಇಳಿಸಿ ನನಗೆ ಕೊಡು. ಕೊಟ್ಟು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತುಕೋ. ಅವಳು ಕರೆಯುತ್ತಿದ್ದಾಳೆ, ಮೆಟ್ಟಿಲ ಮೇಲೆ ಕೂತ ನಿನಗೆ ಕೇಳಿಸುತ್ತಿಲ್ಲ.

ಅಕ್ಕ


ಜುಲೈ 30

ತಮ್ಮಾ,

ನೀನು ಬರೆಯುತ್ತೀಯ ಎಂದುಕೊಂಡು ಕಾಯುತ್ತಿಲ್ಲ, ಬರೆಯಲೇಬೇಕೆಂದೂ ಇಲ್ಲ. ಬೈದು ಬರೆದರೂ ಸರಿ. ನನ್ನನ್ನು ಈಗ ಸ್ಟೋರಿನಲ್ಲಿ ಕೂರಿಸಿದ್ದಾರೆ, ಹಳೆಯ ಸ್ಲೈಡುಗಳನ್ನು ನಂಬರಿನ ಪ್ರಕಾರ ಜೋಡಿಸುವ ಕೆಲಸ. ಒಂದೊಂದು ನಂಬರೂ ಯಾರದೋ ಮನೆ ಎಂದು ಇಷ್ಟು ವರ್ಷ ಹೊಳೆದಿರಲಿಲ್ಲ.

ಬರಲೇ ಎಂದು ಕೇಳಲು ಬಾಯಿ ಬರುತ್ತಿಲ್ಲ. ಆದರೂ ಕೇಳುತ್ತೇನೆ. ಬರಲೇ?

ಅಕ್ಕ


ಆಗಸ್ಟ್ 19

ಅಕ್ಕಾ,

ಅವಳು ಹನ್ನೊಂದನೇ ತಾರೀಖು ಮಧ್ಯಾಹ್ನ ಹೋದಳು.

ನಿನ್ನ ಎರಡು ಕಾಗದಕ್ಕೂ ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲನೆಯದು ಬಂದಾಗ ಮೆಟ್ಟಿಲ ಮೇಲೆ ಕೂತಿದ್ದೆ. ‘ಫೆಬ್ರವರಿಯಲ್ಲಿ ಇತ್ತು’ ಎನ್ನುವಲ್ಲಿಗೆ ಬಂದು ನಿಂತುಬಿಟ್ಟೆ. ಸುಳ್ಳು ಹೇಳುವುದಿಲ್ಲ, ನಿನ್ನ ಮೇಲೆ ಬಂದಂಥ ಸಿಟ್ಟು ನನಗೆ ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ. ಒಳಗೆ ಹೋಗಿ ಮೊಳೆಗೆ ತಗುಲಿಸಿದ್ದ ಅವಳ ಟಿಕೆಟ್ ಚೀಲ ತೆಗೆದು, ನಿನ್ನ ಸಾಲನ್ನು ಉಗುರಿನಿಂದ ಕೆರೆದು ಕಿತ್ತೆ. ಪೂರ್ತಿ ಬರಲಿಲ್ಲ. ‘ಪರವಾ’ ಚೀಲದಲ್ಲೇ ಉಳಿಯಿತು.

ಕೈಯಲ್ಲಿ ಕಾಗದ ಹಿಡಿದುಕೊಂಡು ಅವಳ ಕೋಣೆಯ ಬಾಗಿಲಿಗೆ ಹೋದೆ. ಎಷ್ಟೋ ದಿನದ ಮೇಲೆ ಅವಳ ಮುಖವನ್ನು ನೇರವಾಗಿ ನೋಡಿದೆ. ಅವಳ ತುಟಿ ಆಡುತ್ತಿತ್ತು, ನನಗೆ ಕೇಳಿಸಲಿಲ್ಲ. ಎರಡು ಹೆಜ್ಜೆ ಒಳಗೆ ಹೋದೆ. ಮತ್ತೆರಡು ಹೆಜ್ಜೆ. ಮಂಚದ ಹತ್ತಿರ ಬಗ್ಗಿದಾಗ ತಿಳಿಯಿತು, ದಿನಾ ಬಸ್ಸಿನಲ್ಲಿ ಹೇಳುತ್ತಿದ್ದ ಮಾತನ್ನೇ ಹೇಳುತ್ತಿದ್ದಳು: ‘ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ. ಒಳಗೆ ಜಾಗ ಇದೆ.’ ಎಷ್ಟು ದಿನದಿಂದ ಹೇಳುತ್ತಿದ್ದಳೋ. ಅಲ್ಲೇ ನೆಲದ ಮೇಲೆ ಕುಸಿದು ಅತ್ತೆ. ತಲೆ ಸವರಿದಳು.

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಒಂದು ಅಕ್ಷರ ಬಿಡದೆ. ಕಣ್ಣು ಮುಚ್ಚಿ ಕೇಳಿಸಿಕೊಂಡಳು. ‘ಪಾಪ, ಅತ್ತಿಗೆ ಇದನ್ನ ಇಷ್ಟು ದಿನ ಒಬ್ಬರೇ ಹೊತ್ಕೊಂಡಿದ್ರಲ್ಲಾ’ ಎಂದಳು. ನನಗೆ ಆ ಪಾಪ ಅನ್ನಿಸಿರಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ.

ಅವತ್ತಿನಿಂದ ಇಪ್ಪತ್ತೊಂದು ದಿನ ಕೆಲಸಕ್ಕೆ ಹೋಗಲಿಲ್ಲ. ಅವಳ ಮಂಚದ ಪಕ್ಕವೇ ಕೂತೆ, ಬಾಯಿಗೆ ಕಿವಿ ಕೊಟ್ಟು. ಇಪ್ಪತ್ತೆರಡು ವರ್ಷದ ಬಸ್ಸಿನ ಕಥೆಗಳನ್ನೆಲ್ಲ ಹೇಳಿದಳು. ಕೊನೆಯ ಸ್ಟಾಪಿನಲ್ಲಿ ಯಾರೋ ಮರೆತುಹೋದ ಒಂಟಿ ಚಪ್ಪಲಿಗೆ ಮೂರು ದಿನ ವಾರಸುದಾರರನ್ನು ಹುಡುಕಿದ್ದು, ನಮ್ಮ ಮದುವೆಗೆ ಮೊದಲು ನಾನು ಟೈಲ್ಸ್ ಮೂಟೆಯ ಜೊತೆ ಬಸ್ಸು ಹತ್ತಿದಾಗ ಬೇಕೆಂದೇ ನನಗೆ ಎರಡು ಟಿಕೆಟ್ ಹರಿದದ್ದು. ಅದು ಬೇಕೆಂದೇ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ಆ ಇಪ್ಪತ್ತೊಂದು ದಿನ ನನಗೆ ಸಿಕ್ಕಿದ್ದು ನಿನ್ನ ಕಾಗದದಿಂದ. ಅದಕ್ಕೆ ಮುಂಚಿನ ಐದು ತಿಂಗಳು ಹೋದದ್ದೂ ನಿನ್ನ ಕಾಗದದಿಂದಲೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ, ಒಂದಕ್ಕೊಂದು ಅಂಚು ಕೂಡುವುದಿಲ್ಲ.

ಕೊನೆಯ ದಿನಗಳಲ್ಲಿ ಅವಳು ಒಂದು ಮಾತು ತೆಗೆದುಕೊಂಡಳು. ‘ಅತ್ತಿಗೆಗೆ ಪರವಾಗಿಲ್ಲ ಅಂತ ಬರೀರಿ. ಅವರ ಪದಾನೇ ಅವರಿಗೆ ಬರೀರಿ’ ಎಂದಳು. ಆಗಲಿ ಎಂದೆ. ಅವಳ ಮಾತನ್ನು ಈಗ ತಲುಪಿಸಿದ್ದೇನೆ. ಅದು ಅವಳದ್ದು, ಅವಳ ಪೂರ್ತಿ ಮನಸ್ಸಿನಿಂದ ಬಂದದ್ದು, ಇಟ್ಟುಕೋ.

ನನ್ನ ಕಡೆಯಿಂದಲೂ ಆ ಪದ ಬರೆಯೋಣವೆಂದು ಮೂರು ದಿನದಿಂದ ಕೂರುತ್ತಿದ್ದೇನೆ. ಕೈ ಓಡುವುದಿಲ್ಲ. ನೋಡದೆ ಬರೆದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿದೆ. ಒಳಗೆ ಇಲ್ಲದ ಪದವನ್ನು ನಿನಗೆ ನಾನು ಬರೆಯುವುದಿಲ್ಲ. ಅದು ಎಂದಾದರೂ ಬಂದರೆ ಆ ದಿನ ಬರೆಯುತ್ತೇನೆ.

ಬರಲೇ ಎಂದು ಕೇಳಿದ್ದೀಯ. ಬಾ. ಮನೆಯಲ್ಲಿ ನಾನೊಬ್ಬನೇ ಇದ್ದೇನೆ, ಏನು ಮಾತಾಡಬೇಕೋ ಗೊತ್ತಿಲ್ಲ. ನೀನು ಬಂದು ಬಾಗಿಲು ತಟ್ಟಿದರೆ ನನಗೆ ಕೇಳಿಸುವುದಿಲ್ಲ, ಅದಕ್ಕೆ ಬಾಗಿಲು ತೆಗೆದೇ ಇಟ್ಟಿರುತ್ತೇನೆ. ಅಲ್ಲೇ ನಿಲ್ಲಬೇಡ, ಒಳಗೆ ಬಾ.

ತಮ್ಮ